ನಮ್ಮ ತಮ್ಮನ ಹೆಸರಲ್ಲಿ ಬಂದ ಮೇಲ್

ನಮ್ಮ ಯಜಮಾನ್ರ ಹೆಸರು ಆದಿನಾರಾಯಣಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತಾರೆ ನಮ್ಮ ಕಡೆ. ಇಷ್ಟು ವರ್ಷ ಇಂಥಾ ಮನುಷ್ಯನ ಜೊತೆ ಸಂಸಾರ ಮಾಡಿದ್ದೀನಿ, ಒಂದ್ಸಲ ಹೇಳಿದ್ರೆ ಏನೂ ಆಗಲ್ಲ ಬಿಡಿ. ದೊಡ್ಡಬಳ್ಳಾಪುರದ ಹತ್ರ ಒಂದು ನೂಲಿನ ಗಿರಣೀಲಿ ಸ್ಟೋರ್ ಕೀಪರ್ ಆಗಿದ್ರು. ಹುಟ್ಟಿದ್ದು ಸಾಸಲಲ್ಲಿ, ಮನೆ ಕಟ್ಟಿದ್ದು ಬಳ್ಳಾಪುರದಲ್ಲಿ, ಮನಸ್ಸು ಮಾತ್ರ ಯಾವಾಗ್ಲೂ ಅಂಗಡಿಗೆ ಹೊಸದಾಗಿ ಏನು ಬಂದಿದೆ ಅನ್ನೋದರ ಮೇಲೆ.

ನಮ್ಮ ಬೀದಿಗೆ ಮೊದಲು ಮಿಕ್ಸಿ ಬಂದದ್ದು ನಮ್ಮನೆಗೆ. ಒಳಗೇನಿದೆ ನೋಡೋಣ ಅಂತ ಅದರ ಸ್ಕ್ರೂ ಬಿಚ್ಚಿ, ನನ್ನನ್ನ ವಾಪಸ್ ಒರಳುಕಲ್ಲಿನ ಮುಂದೆ ಕೂರಿಸಿದವರೂ ಇವರೇ. ಆಮೇಲೆ ಪೇಜರ್ ಅಂತ, ಯಾರಾದ್ರೂ ಕರೆದ್ರೆ ಅವರ ನಂಬರ್ ತೋರಿಸೋ ಡಬ್ಬಿ ಒಂದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡ್ರು. ಅದು ಬಳ್ಳಾಪುರದಲ್ಲಿ ಉಸಿರೇ ಬಿಡ್ತಿರಲಿಲ್ಲ, ಯಲಹಂಕ ದಾಟಿದ ಮೇಲೆ ಕುಂಯ್ ಅನ್ನೋದು. ಅದಕ್ಕೇ ಭಾನುವಾರ ಬಂದ್ರೆ ಬಸ್ ಹತ್ತಿ ಯಲಹಂಕಕ್ಕೆ ಹೋಗಿ, ಯಾರಾದ್ರೂ ಕರೆದಿದ್ದಾರಾ ಅಂತ ನೋಡ್ಕೊಂಡು ಬರೋರು. ಯಾರು ಕರೀತಾರೆ? ಆ ನಂಬರ್ ಗೊತ್ತಿದ್ದದ್ದು ನನಗೊಬ್ಬಳಿಗೇ.

ಇವೆಲ್ಲ ನಕ್ಕು ಮರೆಯೋ ವಿಷಯ. ಒಂದು ಮಾತ್ರ ಮರೆಯೋಕಾಗಲ್ಲ. ನಮ್ಮ ಗೃಹಪ್ರವೇಶಕ್ಕೆ ವಿಡಿಯೋ ಕ್ಯಾಮೆರಾ ಬಾಡಿಗೆಗೆ ತಂದ್ರು. ಕ್ಯಾಮೆರಾದವನನ್ನ ಪಕ್ಕಕ್ಕೆ ತಳ್ಳಿ ತಾವೇ ಹೆಗಲ ಮೇಲೆ ಇಟ್ಕೊಂಡ್ರು. ನನಗಿರೋನು ಒಬ್ಬನೇ ತಮ್ಮ, ಕೊಂಡಪ್ಪ. ದೇವನಹಳ್ಳಿ ಹತ್ರ ಆವತೀಲಿ ದ್ರಾಕ್ಷಿ ತೋಟ ಮಾಡ್ಕೊಂಡಿದ್ದಾನೆ. ಅವನು ತವರಿನ ಕಡೆಯಿಂದ ತಟ್ಟೇಲಿ ಸೀರೆ, ಪಂಚೆ, ಹಣ್ಣು, ಹೂವು ಇಟ್ಕೊಂಡು, ಮುಂದೆ ಓಲಗ ಊದಿಸ್ಕೊಂಡು, ಹೊಸ ಶರ್ಟ್ ಹಾಕ್ಕೊಂಡು ಬಾಗಿಲೊಳಗೆ ಕಾಲಿಟ್ಟ. “ಕೊಂಡಪ್ಪ, ಬೆಳಕು ಸರಿಯಾಗಿ ಬೀಳ್ಲಿಲ್ಲ, ಆಚೆ ಹೋಗಿ ಇನ್ನೊಂದ್ಸಲ ಬಾ” ಅಂದ್ರು ಇವರು. ಪಾಪ, ಹೋಗಿ ಬಂದ. “ಈಗ ತಲೆ ಕಟ್ಟಾಯ್ತು, ಇನ್ನೊಂದ್ಸಲ.” ಮತ್ತೆ ಹೋಗಿ ಬಂದ. “ಥೂ, ಕ್ಯಾಸೆಟ್ ಮುಗೀತು, ಆಚೆ ನಿಂತಿರು.” ಆಚೆ ಹೋದೋನು ತಟ್ಟೆ ಸಮೇತ ಬಸ್ ಸ್ಟ್ಯಾಂಡಿಗೆ ಹೋಗೇಬಿಟ್ಟ. ನಂಟರೆಲ್ಲ ಸೇರಿರೋ ಕಡೆ ಬಾಗಿಲಿಂದಾಚೆ ಅಟ್ಟಿದ್ರೆ ಯಾರಿಗೆ ತಾನೆ ಉರಿಯಲ್ಲ? ಅವತ್ತಿಂದ ಎಷ್ಟೋ ವರ್ಷ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. “ಚೆನ್ನಾಗಿ ಬರ್ಲಿ ಅಂತ ಹೇಳಿದ್ದು, ಅದಕ್ಕೂ ಕೋಪಾನಾ? ನಾನ್ಯಾಕೆ ಸಾರಿ ಕೇಳ್ಲಿ” ಅಂತ ಇವರೂ ಬಿಗಿದ್ರು. ನಡುವೆ ಸತ್ತೋಳು ನಾನು. ಸೊಂಟದ ಮೇಲೆ ಎತ್ಕೊಂಡು ಬೆಳೆಸಿದ ತಮ್ಮ ಕಣ್ರೀ ಅವನು. ಹಬ್ಬಕ್ಕೆ ತವರಿಗೆ ಹೋದ್ರೂ ಒಬ್ಬಳೇ ಹೋಗಿ, ಅತ್ತು, ಒಬ್ಬಳೇ ಬರ್ತಿದ್ದೆ.

ಹಿಂಗಿರುವಾಗ ತೊಂಬತ್ತೊಂಬತ್ತನೇ ಇಸವಿ ಸಂಕ್ರಾಂತಿ ಮುಗಿದ ಮೇಲೆ, ಬಸ್ ಸ್ಟ್ಯಾಂಡ್ ಹಿಂದುಗಡೆ ಟೈಪಿಂಗ್ ಕ್ಲಾಸ್ ನಡೆಸ್ತಿದ್ದ ರವಿಚಂದ್ರ ಅನ್ನೋರು ಟೈಪ್ ಮಿಷನ್‌ಗಳನ್ನ ಮೂಲೆಗೆ ಹಾಕಿ, ಕಂಪ್ಯೂಟರ್ ತಂದು, ಪ್ಲೈವುಡ್ಡಿನ ಗೂಡು ಹೊಡೆಸಿ ಸೈಬರ್ ಕೆಫೆ ಅಂತ ಬೋರ್ಡ್ ಹಾಕಿದ್ರು. ಮುಗೀತು. ಗಿರಣಿ ಬಿಟ್ರೆ ಕೆಫೆ, ಕೆಫೆ ಬಿಟ್ರೆ ಮನೆ. ಅಮೆರಿಕದ ಝಂಪೂ ಅಂತ ಒಂದು ದೊಡ್ಡ ಕಂಪನಿಯಂತೆ. ಇಂಟರ್‌ನೆಟ್‌ನಲ್ಲಿ ಕಾಗದ ಹಾಕೋದೂ ಅವರದೇ, ಹುಡುಕೋದೂ ಅವರದೇ, ಮಳೆ ಬಿಸಿಲು ಹೇಳೋದೂ ಅವರದೇ, ರಾಶಿಫಲವೂ ಅವರದೇ, ಹರಟೆ ಕಟ್ಟೆಯೂ ಅವರದೇ. ಎಲ್ಲಾ ಪುಕ್ಸಟ್ಟೆ.

“ಪುಕ್ಸಟ್ಟೆ ಅಂದ್ರೆ ಹೆಂಗ್ರೀ, ಅವರ ಹೊಟ್ಟೆಪಾಡು ನಡೀಬೇಡ್ವಾ?” ಅಂದೆ.

“ನನಗೂ ಅದೇ ಅನುಮಾನ ಕಣೇ. ನಮ್ಮ ಗಿರಣೀಲಿ ಒಂದು ಬೋಲ್ಟ್ ಆಚೆ ಹೋಗ್ಬೇಕಾದ್ರೆ ಮೂರು ಜನ ಸೈನ್ ಹಾಕ್ಬೇಕು. ಇವರು ಇಡೀ ಪ್ರಪಂಚಕ್ಕೆ ಹಂಚ್ತಾ ಕೂತಿದ್ದಾರೆ. ಅವರ ಸ್ಟೋರ್ ಕೀಪರ್ ಯಾರೋ ಪುಣ್ಯಾತ್ಮ, ಆಡಿಟ್ ಬಂದ ದಿನ ಇದೆ ಅವನಿಗೆ.”

ದಿನಾ ಮುದ್ದೆ ಮುರೀತಾ ಝಂಪೂ ಪುರಾಣ. ಹೊಗಳೋದು ಅರ್ಧ, ಬಯ್ಯೋದು ಅರ್ಧ. ಸೇರ್ಕೊಳ್ಳೋಕೆ ಮನೆತನದ ಹೆಸರು ಬೇಕೇ ಬೇಕು ಅಂತಂತೆ. ನಮಗೆಲ್ಲಿಂದ ಬರ್ಬೇಕು ಮನೆತನದ ಹೆಸರು? ಇನಿಷಿಯಲ್ ಹಾಕಿದ್ರೆ ಒಂದೇ ಅಕ್ಷರ ಸಾಲದು ಅಂತಂತೆ. ಕೊನೆಗೆ “ಸಾಸಲು” ಅಂತ ಹಾಕಿ ಬಂದ್ರು. ದೇಶ ಯಾವುದು ಅಂದ್ರೆ ಒಂದು ಮೊಳ ಪಟ್ಟಿಯಂತೆ, ನಮ್ಮದು ಐಸ್‌ಲ್ಯಾಂಡ್ ಅನ್ನೋದರ ಕೆಳಗೆ. “ಎಂಥಾ ಚಳಿ ದೇಶದ ಪಕ್ಕ ತಂದು ಕೂರಿಸಿದ್ದಾರೆ ನೋಡು” ಅಂದ್ರು. ಪಿನ್ ಕೋಡ್ ಐದೇ ಅಂಕಿ ತಗೊಳ್ಳುತ್ತಂತೆ, ನಮ್ಮದು ಆರು. ಯಾವ ಅಂಕಿ ಬಿಡೋದು ಅಂತ ಅವತ್ತೆಲ್ಲ ಯೋಚನೆ. ಕೊನೇದನ್ನೇ ಬಿಟ್ರು. “ಈಗ ಅಮೆರಿಕದವರ ಲೆಕ್ಕದಲ್ಲಿ ನಾವು ಎಲ್ಲಿದ್ದೀವೋ ಗೊತ್ತಿಲ್ಲ ಕಣೇ, ಬಾಗಿಲು ಭದ್ರವಾಗಿ ಹಾಕ್ಕೋ” ಅಂತ ತಮಾಷೆ ಬೇರೆ.

ಝಂಪೂವಿನ ಹವಾಮಾನದಲ್ಲಿ ಬಳ್ಳಾಪುರ ಇಲ್ವೇ ಇಲ್ಲ. ಬೆಂಗಳೂರು ಇತ್ತಂತೆ, ಅದಕ್ಕೂ ದಿನಾ ಅರ್ಧ ಮೋಡ ಅಂತಲೇ ಹೇಳೋದಂತೆ. “ಅರ್ಧ ಮೋಡ ಅಂದ್ರೆ ಮಳೆ ಬಂದ್ರೂ ಸರಿ, ಬರದಿದ್ರೂ ಸರಿ. ನಮ್ಮ ಮ್ಯಾನೇಜರ್ ಮಾತಾಡೋದೂ ಹಿಂಗೇ” ಅಂದ್ರು. ಇನ್ನು ಹುಡುಕೋ ಮಿಷನ್‌ನಲ್ಲಿ ದೊಡ್ಡಬಳ್ಳಾಪುರ ಅಂತ ಟೈಪ್ ಮಾಡಿದ್ರೆ ಸೊನ್ನೆ ಅಂತ ಬಂತಂತೆ. ಅವತ್ತು ಊಟ ಸರಿಯಾಗಿ ಮಾಡ್ಲಿಲ್ಲ. “ಕೋರ್ಟ್ ಇದೆ, ರೈಲ್ವೆ ಸ್ಟೇಷನ್ ಇದೆ, ಬೀದಿ ಬೀದೀಲಿ ಮಗ್ಗ ಇವೆ. ಸೊನ್ನೆ ಅಂತೆ ಸೊನ್ನೆ!” ಅಂತ ಕುದ್ದುಹೋದ್ರು.

ಮಾರನೇ ದಿನ ಕಂಪನಿಗೆ ದೂರು ಬರೆದ್ರು. ಕಣ್ಣು ಮುಚ್ಚಿ ತೆಗೆಯೋದರಲ್ಲಿ ಉತ್ತರ ಬಂತಂತೆ: ಗೌರವಾನ್ವಿತ ಗ್ರಾಹಕರೇ, ನಿಮ್ಮ ಮಾತು ನಮಗೆ ಅಮೂಲ್ಯ. ಇವರಿಗೆ ಕಣ್ಣಲ್ಲಿ ನೀರೇ ಬರೋದೊಂದು ಬಾಕಿ. ಗಿರಣೀಲಿ ಇಷ್ಟು ವರ್ಷ ದುಡಿದ್ರೂ ಯಾರೂ ಗೌರವಾನ್ವಿತ ಅಂದಿರಲಿಲ್ಲವಲ್ಲ. ಥ್ಯಾಂಕ್ಸ್ ಅಂತ ಬರೆದ್ರು. ಮತ್ತೆ ಅದೇ ಉತ್ತರ. ಊಟ ಆಯ್ತಾ ಅಂತ ಬರೆದ್ರು. ಮತ್ತೆ ಅದೇ. “ಒಳ್ಳೆ ಹುಡುಗ ಕಣೇ ಅವನು, ಮಾತು ಸ್ವಲ್ಪ ಕಮ್ಮಿ” ಅಂತ ನನಗೆ ವರದಿ. ಅದು ಮಿಷನ್ ಕೊಡೋ ಉತ್ತರ ಸಾರ್ ಅಂತ ರವಿಚಂದ್ರ ಬಿಡಿಸಿ ಹೇಳಿದ ಮೇಲೂ ಇವರು ಬರೆಯೋದು ನಿಲ್ಲಿಸ್ಲಿಲ್ಲ. ಬೇರೆ ಯಾರಿಗೆ ಬರೀತಾರೆ? ಪೇಜರ್‌ದೇ ಗೋಳು ಇಲ್ಲೂ. ಇವರ ಹತ್ರ ಮೇಲ್ ಪೆಟ್ಟಿಗೆ ಇದೆ, ನಂಟರು ಯಾರ ಹತ್ರಾನೂ ಇಲ್ಲ.

ಅದಕ್ಕೆ ಇವರು ಮಾಡಿದ ಉಪಾಯ ಕೇಳಿ. ನಂಟರಿಗೆಲ್ಲ ತಾವೇ ಒಂದೊಂದು ಪೆಟ್ಟಿಗೆ ತೆರೆದ್ರು! ಸಾಸಲಿನ ದಾಯಾದಿಗಳಿಗೆ, ದೇವನಹಳ್ಳಿ ಪಾಪಕ್ಕನಿಗೆ, ಹೊಸಕೋಟೆ ದೊಡ್ಡಮುನಿಯಪ್ಪನಿಗೆ, ನನಗೆ, ಕೊನೆಗೆ ಮಾತೇ ಬಿಟ್ಟಿದ್ದ ನಮ್ಮ ಕೊಂಡಪ್ಪನಿಗೂ. ಹುಟ್ಟಿದ ದಿನ ಕೇಳುತ್ತಂತೆ. ನಮ್ಮ ಕಾಲದಲ್ಲಿ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರೇ ಜೂನ್ ಒಂದು ಅಂತ ಬರ್ಕೊಳ್ಳೋರು. ಇವರೂ ಎಲ್ಲರಿಗೂ ಜೂನ್ ಒಂದು ಅಂತ ಹಾಕಿದ್ರು. ಅವತ್ತಿಂದ ನಮ್ಮ ಬಂಧುಬಳಗಕ್ಕೆಲ್ಲ ದಿನಾ ಒಂದೇ ರಾಶಿಫಲ. ಒಂದು ದಿನ ಎಲ್ಲರಿಗೂ ಒಟ್ಟಿಗೆ ಪ್ರೇಮ ಕೂಡಿಬರುತ್ತೆ ಅಂತ ಬಂತಂತೆ. ದೊಡ್ಡಮುನಿಯಪ್ಪನಿಗೆ ಎದ್ದು ನಿಲ್ಲೋಕೆ ಇಬ್ಬರು ಬೇಕು, ಅವರಿಗೆ ಪ್ರೇಮ! ಇನ್ನು ಪಾಸ್‌ವರ್ಡ್ ಮರೆತ್ರೆ ಸಾಕಿದ ಪ್ರಾಣಿ ಹೆಸರು ಹೇಳ್ಬೇಕಂತೆ. ನಮ್ಮ ಕಡೆ ನಾಯಿ ಅಂದ್ರೆ ಕರಿಯ ತಾನೆ. ಎಲ್ಲರಿಗೂ ಕರಿಯ ಅಂತಲೇ ಹಾಕಿದ್ರು. “ಇಷ್ಟು ದೊಡ್ಡ ಕಂಪನಿ ಬೀಗದ ಕೈನ ಒಂದು ನಾಯಿ ಕುತ್ತಿಗೆಗೆ ಕಟ್ಟಿದೆಯಲ್ಲೇ” ಅಂತ ಬಿದ್ದು ಬಿದ್ದು ನಗೋರು.

ಅಷ್ಟರಲ್ಲಿ ನಮ್ಮ ಮಗಳು ಪದ್ಮಶ್ರೀಗೆ ತ್ಯಾಮಗೊಂಡ್ಲು ಕಡೆ ಗಂಡು ಗೊತ್ತಾಯ್ತು. ವೈಶಾಖದಲ್ಲಿ ಮದುವೆ. ನನಗೆ ಖುಷಿ ಒಂದು ಕಡೆ, ಚಿಂತೆ ಒಂದು ಕಡೆ. ಹುಡುಗೀನ ಕೈ ಹಿಡಿದು ಹಸೆಮಣೆಗೆ ಕರ್ಕೊಂಡು ಬರೋನು ಸೋದರಮಾವ. ಕೊಂಡಪ್ಪ ಬರದೇ ಇದ್ರೆ? ಇನ್ಯಾರದೋ ಕೈ ಹಿಡಿಸಬಹುದು, ಶಾಸ್ತ್ರ ನಡೆದುಹೋಗುತ್ತೆ. ನನ್ನ ಕರುಳು ಕೇಳಬೇಕಲ್ಲ?

ನಮ್ಮಲ್ಲಿ ಮದುವೆಗೆ ಕರೆಯೋದು ಅಂದ್ರೆ ಗಂಡ ಹೆಂಡ್ತಿ ಇಬ್ಬರೂ ಮನೆ ಮನೆಗೆ ಹೋಗ್ಬೇಕು. ಕಾರ್ಡಿಗೆ ಅರಿಶಿನ ಹಚ್ಚಿ, ಎಲೆ ಅಡಿಕೆ ಇಟ್ಟು, ಹೆಣ್ಣುಮಕ್ಕಳಿಗೆ ಕುಂಕುಮ ಕೊಟ್ಟು, ಮನೆಮಂದಿಯೆಲ್ಲ ಬರ್ಬೇಕು ಅಂತ ಬಾಯಿಬಿಟ್ಟು ಕರೀಬೇಕು. ಅಷ್ಟು ಮಾಡದಿದ್ರೆ ಪಕ್ಕದ ಮನೆಯವರೂ ಬರಲ್ಲ. “ಅದೆಲ್ಲ ಹಳೇ ಕಾಲ. ಝಂಪೂನಲ್ಲಿ ಗ್ರೀಟಿಂಗ್ ಕಾರ್ಡ್ ಇದೆ, ಕುಣಿಯುತ್ತೆ, ಹಾಡುತ್ತೆ. ಒಂದು ಒತ್ತಿದ್ರೆ ಎಲ್ಲರಿಗೂ ಹೋಗುತ್ತೆ. ನೀನು ಮೊಣಕಾಲು ನೋವು ಅಂತ ಒದ್ದಾಡಬೇಕಾಗಿಲ್ಲ” ಅಂದ್ರು ಇವರು. ಅದರಲ್ಲಿದ್ದ ಮದುವೆ ಕಾರ್ಡಲ್ಲೆಲ್ಲ ಚರ್ಚಿನ ಗಂಟೆಯಂತೆ. ಹುಡುಕಿ ಹುಡುಕಿ ಎರಡು ಬಾತುಕೋಳಿ ಮೂತಿಗೆ ಮೂತಿ ತಾಗಿಸೋ ಕಾರ್ಡ್ ಆರಿಸಿ, ಕೆಳಗೆ ಮುಹೂರ್ತ ಹಾಕಿ, ಇಡೀ ಬಳಗಕ್ಕೆ ಕಳಿಸಿಬಿಟ್ರು.

ನನಗೇನು ಗೊತ್ತು? ಪೋಸ್ಟ್‌ಮ್ಯಾನ್ ತರ ಈ ಮಿಷನ್ ಎಲ್ಲರ ಮನೆಗೂ ತಲುಪಿಸುತ್ತೆ ಅಂದ್ಕೊಂಡೆ. ಸಾಯಂಕಾಲ ಆದ್ರೆ ಇವರು ಎದೆ ಉಬ್ಬಿಸ್ಕೊಂಡು ಬರೋರು. “ಪಾಪಕ್ಕಂದು ಉತ್ತರ ಬಂತು, ಖಂಡಿತ ಬರ್ತೀವಿ ಅಂದಿದ್ದಾಳೆ.” “ದೊಡ್ಡಮುನಿಯಪ್ಪ ಮೊದಲ ಪಂಕ್ತೀಲೇ ಕೂರಿಸಿ ಅಂದಿದ್ದಾರೆ.” ನಾನು ಒಂದೇ ಕೇಳ್ತಿದ್ದೆ, “ಕೊಂಡಪ್ಪಂದು ಬಂತಾ?” ಇವರು ಮುಖ ತಿರುಗಿಸೋರು, “ಬರುತ್ತೆ ಇರು.”

ಒಂದು ಸಂಜೆ ಚಪ್ಪಲಿ ಎಸೆದು ಒಳಗೆ ಬಂದ್ರು. “ಏನು ಕೊಬ್ಬು ನಿನ್ನ ತಮ್ಮನಿಗೆ! ಏನು ಬರೆದಿದ್ದಾನೆ ಗೊತ್ತಾ? ನಾಯಿ ಅಟ್ಟಿದಂಗೆ ಅಟ್ಟಿದ ಮನೆ ಬಾಗಿಲಿಗೆ ಮತ್ತೆ ಬರೋಕೆ ನನಗೇನು ತಲೆ ಕೆಟ್ಟಿದೆಯಾ ಅಂತ ಬರೆದಿದ್ದಾನೆ!” ಮಾರನೇ ದಿನ ಇವರು ಖಾರವಾಗಿ ಉತ್ತರ ಬರೆದು ಬಂದ್ರು. ಅದರ ಮಾರನೇ ದಿನ ಇನ್ನೂ ಕೆಂಪಾಗಿ ಬಂದ್ರು: “ನಿಮಗೆ ಮನುಷ್ಯರಿಗಿಂತ ಮಿಷನ್ ಹೆಚ್ಚು ಅಂತಾನಲ್ಲೇ! ನನಗೆ!” ಹಿಂಗೇ ಒಂದು ವಾರ. ಇವರು ಬರೆಯೋದು, ಅವನು ಬರೆಯೋದು. ಇವರಿಗೆ ಬಿ.ಪಿ. ಏರಿ ಗಿರಣಿ ಡಾಕ್ಟ್ರು ಉಪ್ಪು ಬಿಡಿ ಅಂದ್ರು. ನಾನು ಒಲೆ ಮುಂದೆ ಕೂತು ಅತ್ತಿದ್ದೇ ಅತ್ತಿದ್ದು. ನಮ್ಮ ಕೊಂಡಪ್ಪ ಇಷ್ಟು ಕಲ್ಲಾಗೋದ್ನಲ್ಲ ಅಂತ.

ಬಳ್ಳಾಪುರದ ಸಂತೇಲಿ ಪಾಪಕ್ಕ ಸಿಕ್ಕಿದ್ಲು, ಮಗಳ ಮನೆಗೆ ಅಂತ ಬಂದಿದ್ಲಂತೆ. ನಾನು ಓಡಿ ಹೋಗಿ ಕೈ ಹಿಡ್ಕೊಂಡೆ. “ಬರ್ತೀವಿ ಅಂತ ಬರೆದಿದ್ದೀಯಂತೆ ಪಾಪಕ್ಕ, ಸಂತೋಷ ಆಯ್ತು ಕಣಕ್ಕ” ಅಂದೆ. ಪಾಪಕ್ಕ ಕೈ ಕೊಡವಿದ್ಲು. “ಯಾವಳು ಬರೆದೋಳು? ಹೆಬ್ಬೆಟ್ಟು ಒತ್ತೋ ಪಾಪಕ್ಕನ್ನ ಕಂಡು ಆಡ್ಕೊಳ್ತೀಯಾ ಮುನಿಲಕ್ಷ್ಮಮ್ಮ? ಮಗಳ ಮದುವೆ ಇಟ್ಕೊಂಡು ಒಂದು ಅರಿಶಿನ ಕುಂಕುಮಕ್ಕೆ ಗತಿ ಇಲ್ದಂಗೆ ಕರೀದೇ ಕೂತವ್ರೆ ಅಂತ ಊರೆಲ್ಲ ಮಾತಾಡ್ತಾವ್ರೆ, ಹೋಗು!” ಅಂದು ಸೊಪ್ಪಿನ ಕಟ್ಟು ಎತ್ಕೊಂಡು ಹೊರಟೇಹೋದ್ಲು.

ಪಾಪಕ್ಕ ಬರೆದಿಲ್ಲ ಅಂದ್ರೆ ಬರೆದದ್ದು ಯಾರು? ತರಕಾರಿ ಚೀಲ ಹಿಡ್ಕೊಂಡೇ ನೆಟ್ಟಗೆ ಕೆಫೆಗೆ ಹೋದೆ. “ಎಲ್ರೀ ನಮ್ಮನೆಯವರು?” ಅಂತ ರವಿಚಂದ್ರನ್ನ ಕೇಳಿದ್ರೆ ಅವರು ಸುಮ್ಮನೆ ಮೂಲೆ ಗೂಡಿನ ಕಡೆ ಕೈ ತೋರ್ಸಿದ್ರು. ಇವರು ಹಣೆ ಗಂಟು ಹಾಕ್ಕೊಂಡು ಟಕಟಕ ಅಂತ ಕುಟ್ತಾ ಇದ್ರು.

“ಪಾಪಕ್ಕನ ಉತ್ತರ ಬರೆದದ್ದು ಯಾರ್ರೀ?”

ಕೈ ನಿಂತುಹೋಯ್ತು. ನನ್ನ ಮುಖ ನೋಡಿದ್ರು, ಚೀಲ ನೋಡಿದ್ರು. “ಅದೂ... ಮೇಲ್ ತಲುಪಿದೆಯಾ ಅಂತ ನೋಡೋಣ ಅಂತ ಅವಳ ಪೆಟ್ಟಿಗೆ ತೆಗೆದೆ ಕಣೇ. ತಲುಪಿತ್ತು. ಹಂಗೇ ಬಿದ್ದಿತ್ತು, ಯಾರೂ ಓದಿರಲಿಲ್ಲ. ಬೇಜಾರಾಯ್ತು. ಪಾಪಕ್ಕ ಹೆಂಗಿದ್ರೂ ಬರೋಳೇ ತಾನೆ, ಅದಕ್ಕೆ ಅವಳ ಪರವಾಗಿ ನಾನೇ ಬರೆದೆ.”

“ದೊಡ್ಡಮುನಿಯಪ್ಪಂದು?”

“ಅದೂ ನಾನೇ.”

ನನಗೆ ಆಗ ಹೊಳೀತು ನೋಡಿ. “ಹಂಗಾದ್ರೆ ಕೊಂಡಪ್ಪಂದು?”

ಪಕ್ಕದ ಗೂಡಲ್ಲಿ ಯಾರೋ ಕಿಸಕ್ ಅಂದ್ರು.

“ಒಂದು ವಾರದಿಂದ ಜಗಳ ಆಡಿದ್ದು ಯಾರ ಜೊತೆ ರೀ? ಬಿ.ಪಿ. ಏರಿಸ್ಕೊಂಡದ್ದು ಯಾರ ಮೇಲೆ?”

“ಅವನ ಮೇಲೇ” ಅಂದ್ರು, ಮಕ್ಕಳ ಹಂಗೆ. “ಬರೆದದ್ದು ನಾನೇ ಇರಬಹುದು. ಓದಿದ್ರೆ ಕೋಪ ಬರ್ತಿತ್ತು, ಏನ್ಮಾಡ್ಲಿ?”

ಅಯ್ಯೋ ದೇವ್ರೇ! ಹೊಡೀಲಾ, ನಗ್ಲಾ? ತಲೆ ಮೇಲೆ ಚೀಲ ಸುರಿಯೋಣ ಅನ್ನಿಸ್ತು. ನನ್ನ ತಮ್ಮ ಕಲ್ಲಾಗಿಲ್ಲ ಅಂತ ಗೊತ್ತಾಗಿ ಅಲ್ಲೇ ಅಳುವೂ ಬಂತು. ಸ್ಟೂಲ್ ಎಳ್ಕೊಂಡು ಕೂತು ಬಾಯಿಗೆ ಬಂದಂಗೆ ಬೈದೆ. ರವಿಚಂದ್ರ ನೀರು ತಂದ್ಕೊಟ್ಟು, “ಇವತ್ತಿನ ಟೈಮಿಗೆ ದುಡ್ಡು ಹಾಕಲ್ಲ ಬಿಡಿ ಅಮ್ಮಾ” ಅಂದ್ರು.

ಇವರು ಎಲ್ಲಾ ಕೇಳಿಸ್ಕೊಂಡು ಮೆಲ್ಲಗೆ ಅಂದ್ರು, “ಎಲ್ಲರ ಹಂಗೆ ಅವನ ಹೆಸರಲ್ಲೂ ಬರ್ತೀನಿ ಅಂತ ಒಂದು ಸಾಲು ಹಾಕೋಣ ಅಂತಲೇ ಕೂತೆ ಕಣೇ. ಕೈ ಬರ್ಲಿಲ್ಲ. ನಾನು ಕೊಂಡಪ್ಪ ಆಗಿದ್ರೆ ಬರ್ತಿದ್ನಾ ಅಂತ ಯೋಚನೆ ಮಾಡ್ದೆ. ಬರ್ತಿರಲಿಲ್ಲ. ಅದಕ್ಕೇ ಅವನು ಏನಂತಾನೋ ಅದನ್ನೇ ಬರೆದೆ. ಬರೀತಾ ಬರೀತಾ ಅವನು ಹೇಳೋದೆಲ್ಲ ಸರಿ ಅನ್ನಿಸ್ತಾ ಹೋಯ್ತು. ಇವತ್ತು ಇದನ್ನ ಬರೆದಿದ್ದೀನಿ ನೋಡು.” ನನಗೆಲ್ಲಿ ಓದೋಕೆ ಬರುತ್ತೆ, ಕನ್ನಡಾನ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ರು. ಅವರೇ ಓದಿದ್ರು: ಬಾರೋ ಕೊಂಡಪ್ಪ, ನಿಮ್ಮಕ್ಕ ದಿನಾ ಅಳ್ತಾಳೆ.

“ಇದಕ್ಕೆ ಅವನ ಉತ್ತರ?”

“ಅದು ಮಾತ್ರ ನನಗೆ ಬರೆಯೋಕಾಗಲ್ಲ ಕಣೇ. ಆಗಿಂದ ಅವನ ಪೆಟ್ಟಿಗೆ ತೆಗೆಯೋದು, ಮುಚ್ಚೋದು. ಅದಕ್ಕೆ ಅವನೇ ಉತ್ತರ ಕೊಡ್ಬೇಕು.”

“ಏಳ್ರೀ ಮೇಲೆ” ಅಂದೆ. “ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಆವತಿ. ಅಲ್ಲಿಂದ ಬಂದ ಮೇಲೆ ಉಳಿದ ಮನೆಗಳು. ನನ್ನ ಮೊಣಕಾಲು ಬಿದ್ದುಹೋದ್ರೂ ಸರಿ.”

ಮಾರನೇ ಬೆಳಗ್ಗೆ ಬಟ್ಟಲಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ, ಶಾಸ್ತ್ರಕ್ಕೆ ಅಂತ ಮೊದಲೇ ಅಚ್ಚು ಹಾಕ್ಸಿದ್ದ ಕಾರ್ಡ್ ಎಲ್ಲಾ ಇಟ್ಕೊಂಡು ಹೊರಟ್ವಿ. ಬಸ್ಸಲ್ಲಿ ದಾರಿ ಉದ್ದಕ್ಕೂ ಇವರದು ಬಾಯಿಪಾಠ. “ಅವನು ಹಿಂಗಂತಾನೆ, ನಾನು ಹಂಗಂತೀನಿ. ಆಮೇಲೆ ಅವನು ಮಿಷನ್ ಮಾತು ಎತ್ತುತ್ತಾನೆ, ಆಗ ನಾನು ಸುಮ್ಮನಿರ್ತೀನಿ.” ಎಷ್ಟಾದ್ರೂ ಒಂದು ವಾರ ಅವನಾಗಿ ಬಯ್ಕೊಂಡಿದ್ದಾರಲ್ಲ, ಎಲ್ಲಾ ನಾಲಿಗೆ ತುದೀಲಿತ್ತು. ಆವತೀಲಿ ಇಳಿದು ನಡ್ಕೊಂಡು ಹೋದ್ರೆ ಕೊಂಡಪ್ಪ ಜಗಲಿ ಮೇಲೆ ಕೂತು ದ್ರಾಕ್ಷಿ ಬುಟ್ಟಿಗೆ ಹುಲ್ಲು ಹಾಸ್ತಾ ಇದ್ದ. ಇವರು ಕೊನೇ ಸಲ ನೋಡಿದಾಗ ಕಪ್ಪಿದ್ದ ಕೂದಲು ಬೆಳ್ಳಗಾಗಿತ್ತು. ತಲೆ ಎತ್ತಿ ನೋಡಿದ, ಮತ್ತೆ ತಲೆ ಬಗ್ಗಿಸಿ ಹುಲ್ಲು ಹಾಸಿದ. ಇವರು ಮೆಟ್ಟಿಲ ಹತ್ರ ನಿಂತೋರು ನಿಂತೇ ಬಿಟ್ರು. ಬಸ್ಸಲ್ಲಿ ಮಾಡಿದ ಬಾಯಿಪಾಠವೆಲ್ಲ ಮರೆತೇಹೋಗಿತ್ತು. ಇವತ್ತು ಇವನು ಎದ್ದು ಒಳಗೆ ಹೋಗಿಬಿಟ್ರೆ ಮುಗೀತು ಅನ್ಕೊಂಡೆ.

ಕೊಂಡಪ್ಪ ಬುಟ್ಟಿ ಪಕ್ಕಕ್ಕಿಟ್ಟ. “ಬರೋದು ಬಂದ್ರಿ. ಜಗಳ ಆಡೋಕಾದ್ರೂ ಮೊದಲೇ ಬರಬಾರದಿತ್ತಾ ಭಾವ?” ಅಂದ. “ಒಬ್ಬನೇ ಎಷ್ಟು ಅಂತ ಆಡ್ಲಿ? ನಿಮ್ಮ ಮಾತೂ ನಾನೇ ಆಡ್ಬೇಕು, ನನ್ನ ಮಾತೂ ನಾನೇ ಆಡ್ಬೇಕು. ಸಾಕಾಗೋಯ್ತು ನನಗೆ.”

“ಹೂಂ ಅತ್ತಿಗೆ” ಅಂದ್ಲು ಅವನ ಹೆಂಡ್ತಿ ಒಳಗಿಂದ ಬಂದು. “ತೋಟದಲ್ಲೂ ಅದೇ, ಸ್ನಾನದ ಮನೇಲೂ ಅದೇ. ಯಾರ ಜೊತೆ ರೀ ಅಂದ್ರೆ ಭಾವನ ಜೊತೆ ಅಂತಾರೆ.”

ನಾನೂ ಇವರೂ ಮುಖ ಮುಖ ನೋಡ್ಕೊಂಡ್ವಿ. ನನಗೆ ನಗು ಒತ್ತರಿಸ್ಕೊಂಡು ಬಂತು, ಸೆರಗು ಬಾಯಿಗಿಟ್ಕೊಂಡೆ. ಇವರು ಮಾತ್ರ ನಗ್ಲಿಲ್ಲ. ಒಂದು ಮೆಟ್ಟಿಲು ಹತ್ತಿದ್ರು.

“ನಿನ್ನ ಜಗಳದಲ್ಲಿ ಕೊನೇಲಿ ನಾನು ಏನಂತೀನೋ ಕೊಂಡಪ್ಪ?”

“ಏನೂ ಅನ್ನಲ್ಲ. ತಪ್ಪಾಯ್ತು ಅನ್ಸೋಣ ಅಂತ ನಾನೂ ಎಷ್ಟೋ ಸಲ ನೋಡ್ದೆ. ನಿಮ್ಮ ಬಾಯಲ್ಲಿ ಅದು ಬರೋದೇ ಇಲ್ಲ ಭಾವ, ನನಗೂ ಅನ್ಸೋಕಾಗಲ್ಲ.”

“ತಪ್ಪಾಯ್ತು ಕಣೋ” ಅಂದ್ರು ಇವರು.

ಕೊಂಡಪ್ಪ ಟವೆಲ್ಲಿಂದ ಮುಖ ಒರೆಸ್ಕೊಂಡ, ಕಣ್ಣು ಮಾತ್ರ ಒರೆಸ್ಕೊಂಡ್ರೆ ಗೊತ್ತಾಗುತ್ತಲ್ಲ ಅಂತ ಇಡೀ ಮುಖಾನೇ ಒರೆಸ್ಕೊಂಡ. ಆಮೇಲೆ ನನ್ನ ಕೈಯಿಂದ ಅರಿಶಿನದ ಬಟ್ಟಲು ತಗೊಂಡು, “ಚಪ್ಪರ ಯಾರು ಹಾಕಿಸ್ತಾರೆ ಅಕ್ಕ? ನಾಳೇನೇ ಬರ್ತೀನಿ” ಅಂದ. ಅದನ್ನ ಅವನೇ ಅಂದ, ಅವನ ಬಾಯಲ್ಲೇ ಅಂದ.